ನಡುಮನೆಗೆ ಬಂದ ಖಳನಾಯಕ

2024ರ ಏಪ್ರಿಲ್‌ನಲ್ಲಿ ‘ಗಿಲ್ಲಿ’ ಸಿನಿಮಾ ತಮಿಳುನಾಡಿನ ಚಿತ್ರಮಂದಿರಗಳಿಗೆ ಮರಳಿ ಬಂತು. ಮೊದಲ ಬಿಡುಗಡೆಗೆ ಇಪ್ಪತ್ತು ವರ್ಷ ತುಂಬಿತ್ತು. ವಿಜಯ್‌ಗೆ ಚೆನ್ನೈ ಶಿಳ್ಳೆ ಹೊಡೆಯುವುದರಲ್ಲಿ ಹೊಸತೇನಿಲ್ಲ. ಆದರೆ ಮುತ್ತುಪಾಂಡಿ ತೆರೆಗೆ ಬಂದಾಗಲೂ ಗದ್ದಲವೇನು ಕಡಿಮೆಯಿರಲಿಲ್ಲ. ಮಧುರೆಯ ಈ ಪುಂಡ ನಾಯಕಿಯ ಇಬ್ಬರು ಅಣ್ಣಂದಿರನ್ನು ಕೊಂದವನು, ಅವಳನ್ನು ಮದುವೆಯಾಗಿಯೇ ತೀರುತ್ತೇನೆಂದು ಹಟ ಹಿಡಿದವನು. ಕರೆಯುವುದು ಮಾತ್ರ ‘ಚೆಲ್ಲಂ’ ಎಂದು, ಮಗುವನ್ನು ರಮಿಸುವ ದನಿಯಲ್ಲಿ. ಆ ಒಂದು ಮಾತು ಪ್ರಕಾಶ್ ರಾಜ್ ಅವರಿಗೆ ತಮಿಳುನಾಡಿನಲ್ಲಿ ಅಡ್ಡಹೆಸರಾಗಿ ಅಂಟಿಕೊಂಡಿದೆ.

ಅದೇ ಪಾತ್ರವನ್ನು ಅವರು 2003ರಲ್ಲಿ ತೆಲುಗಿನ ‘ಒಕ್ಕಡು’ ಚಿತ್ರದಲ್ಲಿ ಓಬುಳ್ ರೆಡ್ಡಿಯಾಗಿ ಮಾಡಿದ್ದರು. 2006ರಲ್ಲಿ ಕನ್ನಡದ ‘ಅಜಯ್’ನಲ್ಲಿ ಪುನೀತ್ ರಾಜ್‌ಕುಮಾರ್ ಎದುರು ಮತ್ತೆ ಮಾಡಿದರು. ಮಹೇಶ್ ಬಾಬು, ವಿಜಯ್, ಪುನೀತ್ ಎಂದು ನಾಯಕರು ಮೂವರು. ಭೂಮಿಕಾ, ತ್ರಿಷಾ, ಅನುರಾಧಾ ಮೆಹ್ತಾ ಎಂದು ನಾಯಕಿಯರೂ ಮೂವರು. ಖಳ ಒಬ್ಬರೇ. ರೀಮೇಕ್ ಹಕ್ಕಿನ ಜೊತೆಗೇ ಖಳನನ್ನೂ ಕಟ್ಟಿ ಕೊಡುತ್ತಿದ್ದರೇನೋ ಅನ್ನಿಸುತ್ತದೆ.

ಇಷ್ಟು ನೆತ್ತರು ಹರಿಸಿದವನಿಗೆ ಜನ ಯಾಕೆ ಮರುಳಾಗುತ್ತಾರೆ? ಪ್ರಕಾಶ್ ರಾಜ್ ಅವರ ಪಾತ್ರಗಳನ್ನು ಹಿಂದಿನಿಂದ ನೋಡುತ್ತ ಬಂದರೆ ಒಂದು ಸಂಗತಿ ಕಾಣುತ್ತದೆ. ದುಡ್ಡಿಗಾಗಿ, ಕುರ್ಚಿಗಾಗಿ ಕೊಲ್ಲುವ ಖಳರನ್ನು ಅವರು ರಾಶಿಗಟ್ಟಲೆ ಆಡಿದ್ದಾರೆ. ಅವರಲ್ಲಿ ಹೆಚ್ಚಿನವರು ಸಿನಿಮಾ ಮುಗಿಯುವುದರೊಳಗೆ ಮರೆತುಹೋಗುತ್ತಾರೆ. ಮನಸ್ಸಿನಲ್ಲಿ ಉಳಿದವರೆಲ್ಲ ಯಾರನ್ನಾದರೂ ಪ್ರೀತಿಸುವವರು, ಅಥವಾ ಹಾಗೆಂದು ತಮಗೆ ತಾವೇ ಹೇಳಿಕೊಂಡವರು. ‘ನಿನ್ನ ಒಳ್ಳೆಯದಕ್ಕೇ’ ಎಂದು ಬಾಗಿಲಿಗೆ ಚಿಲಕ ಹಾಕುವ ಗಂಡ, ಭಾವ, ಮಾವ, ಅಪ್ಪ. ಇವರಿಗೆ ಗುಹೆ ಬೇಡ, ಗೋದಾಮು ಬೇಡ. ಊಟದ ಮೇಜು ಸಾಕು.

ಚೆನ್ನೈಗೆ ಖಳರೇನು ಹೊಸಬರಲ್ಲ. ಪಿ.ಎಸ್. ವೀರಪ್ಪ ಅವರ ಅಟ್ಟಹಾಸ ಒಂದು ತಲೆಮಾರಿನ ಮಕ್ಕಳ ನಿದ್ದೆ ಕೆಡಿಸಿತ್ತು. ಕಣ್ಣೂರಿನ ಕಡೆಯಿಂದ ಬಂದ ಎಂ.ಎನ್. ನಂಬಿಯಾರ್ ಅಂಗೈ ಉಜ್ಜಿಕೊಳ್ಳುತ್ತ ಸಂಚು ಹೂಡಿ, ಕೊನೆಗೆ ಎಂ.ಜಿ.ಆರ್ ಕೈಯಲ್ಲಿ ಏಟು ತಿನ್ನುವುದೇ ಒಂದು ಸಂಪ್ರದಾಯವಾಗಿತ್ತು. ಸೆಟ್ಟಿನ ಹೊರಗೆ ಈ ನಂಬಿಯಾರ್ ಮದ್ಯ ಮುಟ್ಟದ ಅಯ್ಯಪ್ಪ ಭಕ್ತ, ವರ್ಷ ವರ್ಷ ಶಬರಿಮಲೆಗೆ ತಂಡ ಕಟ್ಟಿಕೊಂಡು ಹೋಗುತ್ತಿದ್ದ ಗುರುಸ್ವಾಮಿ. ಇದಕ್ಕೆ ತದ್ವಿರುದ್ಧವಾದದ್ದೂ ಈ ಊರಿನಲ್ಲೇ ನಡೆದಿದೆ. 1967ರ ಜನವರಿ 12ರಂದು ಖಳನಟ ಎಂ.ಆರ್. ರಾಧಾ ಎಂ.ಜಿ.ಆರ್ ಅವರ ಮನೆಗೇ ಹೋಗಿ ನಿಜವಾದ ಪಿಸ್ತೂಲಿನಿಂದ ಗುಂಡು ಹಾರಿಸಿದರು. ಎಂ.ಜಿ.ಆರ್ ಬದುಕಿಕೊಂಡರು, ಅವರ ದನಿ ಮಾತ್ರ ಮತ್ತೆ ಮೊದಲಿನಂತಾಗಲಿಲ್ಲ.

ಆ ಕಾಲಕ್ಕೆ ಕನ್ನಡ ಸಿನಿಮಾದ ಸಂಸಾರವೂ ಬಹುಮಟ್ಟಿಗೆ ಮದರಾಸಿನಲ್ಲೇ ಇತ್ತು. ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೋಗಳಲ್ಲಿ ಒಂದು ಫ್ಲೋರಿನಲ್ಲಿ ತಮಿಳು ಸೆಟ್, ಪಕ್ಕದ ಫ್ಲೋರಿನಲ್ಲಿ ಕನ್ನಡ ಸೆಟ್. ನಮ್ಮ ಖಳರ ಜಾಗವೂ ನಿಗದಿಯಾಗಿತ್ತು. ‘ಮಯೂರ’ದಲ್ಲಿ (1975) ವಜ್ರಮುನಿ ಪಲ್ಲವರ ವಿಷ್ಣುಗೋಪನಾದರೆ ಅವರಿಗೆ ಅರಮನೆ, ಸಾಮಾಜಿಕ ಚಿತ್ರವಾದರೆ ಸಾಹುಕಾರನ ಜಗಲಿ. ಕಣ್ಣು ಕೆಂಪಗೆ, ಗಂಟಲು ದೊಡ್ಡದು. ಪಾಪಿ ಬಂದ ಎಂದು ಹಿನ್ನೆಲೆ ಸಂಗೀತವೇ ಸಾರಿಬಿಡುತ್ತಿತ್ತು. ವಜ್ರಮುನಿ ದೊಡ್ಡ ನಟ, ಆ ಮಾತು ಬೇರೆ. ಅವರು ಬಂದಾಗ ಮನೆಯವರು ಎಚ್ಚೆತ್ತುಕೊಳ್ಳುತ್ತಿದ್ದರು. ಪ್ರಕಾಶ್ ರಾಜ್ ಬಂದಾಗ ಕಾಫಿ ಮಾಡಲು ಒಳಗೆ ಹೋಗುತ್ತಾರೆ.

ಖಳನನ್ನು ಮನೆಯೊಳಗೆ ಕರೆದುಕೊಂಡು ಬಂದವರು ಕೆ. ಬಾಲಚಂದರ್. ಮದರಾಸಿನ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ನೌಕರಿ ಮಾಡುತ್ತ ನಾಟಕ ಬರೆದ ಅವರಿಗೆ ಮಧ್ಯಮ ವರ್ಗದ ಮನೆಯ ಗೋಡೆಗಳು ಚೆನ್ನಾಗಿ ಗೊತ್ತಿದ್ದವು. ಆ ಗೋಡೆಗಳ ನಡುವೆ ಹಿಂಸೆ ಕೊಡಲು ಅವರು ಮೊದಲು ಆರಿಸಿಕೊಂಡವನೂ ಬೆಂಗಳೂರಿನವನೇ. ಬಸ್ ಕಂಡಕ್ಟರ್ ಕೆಲಸ ಬಿಟ್ಟು ಮದರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದ್ದ ಶಿವಾಜಿ ರಾವ್ 1975ರ ‘ಅಪೂರ್ವ ರಾಗಂಗಳ್’ನಲ್ಲಿ ರಜನಿಕಾಂತ್ ಎಂಬ ಹೆಸರಿನಲ್ಲಿ ಬಂದರು. ಮರುವರ್ಷ ‘ಮೂನ್ರು ಮುಡಿಚ್ಚು’, ಅದರ ಮರುವರ್ಷ ‘ಅವರ್ಗಳ್’. ಈ ‘ಅವರ್ಗಳ್’ನಲ್ಲಿ ರಜನಿ ಹೆಂಡತಿಯನ್ನು ಅನುಮಾನದಿಂದಲೇ ಅರೆದುಹಾಕುವ ಗಂಡ. ನಂತರ ರಜನಿ ಮನೆ ಬಿಟ್ಟು ಬೀದಿಗಿಳಿದು ಜನರ ನಾಯಕರಾದರು. ಖಾಲಿಯಾದ ಆ ಕೋಣೆಗೆ ಇನ್ನೊಬ್ಬ ಬೆಂಗಳೂರಿನವರು ಬರಲು ಹದಿನೇಳು ವರ್ಷ ಹಿಡಿಯಿತು.

ಪ್ರಕಾಶ್ ರೈ ಹುಟ್ಟಿದ್ದು 1965ರಲ್ಲಿ. ಓದಿದ್ದು ಬೆಂಗಳೂರಿನ ಸೇಂಟ್ ಜೋಸೆಫ್‌ನಲ್ಲಿ, ಪಳಗಿದ್ದು ಕಲಾಕ್ಷೇತ್ರದ ಸುತ್ತಮುತ್ತಲಿನ ರಂಗತಂಡಗಳಲ್ಲಿ, ಬೀದಿನಾಟಕಗಳಲ್ಲಿ. ದೂರದರ್ಶನದ ಕಾಲದವರಿಗೆ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಧಾರಾವಾಹಿಯ ಮುಖವಾಗಿ ಅವರು ಇಂದಿಗೂ ನೆನಪಿದ್ದಾರೆ. ‘ಮಿಥಿಲೆಯ ಸೀತೆಯರು’, ‘ಮುತ್ತಿನ ಹಾರ’, ‘ನಿಷ್ಕರ್ಷ’ ಇವುಗಳಲ್ಲೆಲ್ಲ ಸಣ್ಣಪುಟ್ಟ ಪಾತ್ರಗಳು ಸಿಕ್ಕವು. 1992ರಲ್ಲಿ ಕೆ.ಎಸ್.ಎಲ್. ಸ್ವಾಮಿಯವರು ಚಂದ್ರಶೇಖರ ಕಂಬಾರರ ನಾಟಕವನ್ನು ಆಧರಿಸಿ ‘ಹರಕೆಯ ಕುರಿ’ ತೆಗೆದರು. ಅದರಲ್ಲಿ ಜೊತೆಗೆ ನಟಿಸಿದ ಗೀತಾ ಈ ಹುಡುಗನ ಬಗ್ಗೆ ಬಾಲಚಂದರ್ ಅವರಿಗೆ ಹೇಳಿದರು. ಗೀತಾ ಮಾತಿಗೆ ಅಲ್ಲಿ ಬೆಲೆಯಿತ್ತು. 1989ರ ‘ಪುದು ಪುದು ಅರ್ತಂಗಳ್’ನಲ್ಲಿ ಗಂಡನನ್ನು ಅತಿಯಾಗಿ ಪ್ರೀತಿಸಿ ಉಸಿರುಕಟ್ಟಿಸುವ ಹೆಂಡತಿಯ ಪಾತ್ರವನ್ನು ಬಾಲಚಂದರ್ ಗೀತಾ ಅವರಿಂದಲೇ ಮಾಡಿಸಿದ್ದರು. ಉಸಿರುಕಟ್ಟಿಸುವ ಪ್ರೀತಿ ಆ ನಿರ್ದೇಶಕರ ಹಳೆಯ ವಿಷಯ.

1994ರ ‘ಡ್ಯುಯೆಟ್’ನಲ್ಲಿ ರೈ ಹೋಗಿ ರಾಜ್ ಆಯಿತು. ಈ ಸಿನಿಮಾವನ್ನು ಕನ್ನಡಿಗರು ಬೇರೆ ಕಾರಣಕ್ಕೂ ನೋಡಬೇಕು. ಬಾಲಚಂದರ್ ಕನ್ನಡದ ‘ಸುಂದರ ಸ್ವಪ್ನಗಳು’ ಚಿತ್ರದಲ್ಲಿ ಪರಿಚಯಿಸಿದ್ದ ರಮೇಶ್ ಅರವಿಂದ್ ಇಲ್ಲಿದ್ದಾರೆ. ಪ್ರಭು ತೆರೆಯ ಮೇಲೆ ನುಡಿಸುವ ಸ್ಯಾಕ್ಸೋಫೋನಿನ ನಿಜವಾದ ಉಸಿರು ಕದ್ರಿ ಗೋಪಾಲನಾಥ್ ಅವರದು; ಎ.ಆರ್. ರೆಹಮಾನ್ ಹಾಡುಗಳ ನಡುವೆ ಆ ವಾದ್ಯವೇ ಒಂದು ಪಾತ್ರವಾಗಿದೆ. ಇವರೆಲ್ಲರ ನಡುವೆ ಸಿರ್ಪಿ ಎಂಬ ಜನಪ್ರಿಯ ನಟನಾಗಿ ಪ್ರಕಾಶ್ ರಾಜ್. ತಾನು ಬಯಸಿದ ಹೆಣ್ಣು ತನ್ನನ್ನು ಬಯಸದೇ ಇರುವುದು ಹೇಗೆ ಸಾಧ್ಯ ಎಂಬುದೇ ಅವನಿಗೆ ತಿಳಿಯದು. ಅವನು ನಗುತ್ತಾನೆ, ತುಂಟತನ ಮಾಡುತ್ತಾನೆ, ಉಡುಗೊರೆ ಕೊಡುತ್ತಾನೆ. ಬೇಡ ಎಂಬ ಮಾತು ಕಿವಿಗೆ ಬಿದ್ದಾಗ ಮುಖ ಬದಲಾಗುವುದಿಲ್ಲ, ಕಣ್ಣು ಮಾತ್ರ ಅರೆಕ್ಷಣ ನಿಲ್ಲುತ್ತದೆ.

ಮುಂದಿನ ವರ್ಷ ಬಾಲಚಂದರ್ ಶಿಷ್ಯ ವಸಂತ್ ‘ಆಸೈ’ ತೆಗೆದರು. ನಿರ್ಮಾಪಕರು ಮಣಿರತ್ನಂ, ನಾಯಕ ಆಗಷ್ಟೇ ಕಣ್ಣುಬಿಡುತ್ತಿದ್ದ ಅಜಿತ್. ಪ್ರಕಾಶ್ ರಾಜ್ ಆಡಿದ ಮೇಜರ್ ಮಾಧವನ್ ದೆಹಲಿಯಲ್ಲಿರುವ ಸೇನಾಧಿಕಾರಿ. ಕಣ್ಣು ಬಿದ್ದಿರುವುದು ಹೆಂಡತಿಯ ತಂಗಿಯ ಮೇಲೆ. ಹೆಂಡತಿಯ ಉಸಿರನ್ನು ಪಾಲಿಥೀನ್ ಚೀಲದಿಂದ ನಿಲ್ಲಿಸುತ್ತಾನೆ. ಅದಾದಮೇಲೆ ಸಿನಿಮಾದುದ್ದಕ್ಕೂ ಅವನು ಮಾಡುವುದು ಅಳಿಯನ ಕೆಲಸ. ತಬ್ಬಲಿ ಕೂಸನ್ನು ಎತ್ತಿಕೊಳ್ಳುತ್ತಾನೆ, ಮಾವನ ಜೊತೆ ವಿನಯದಿಂದ ಕೂರುತ್ತಾನೆ, ನಾದಿನಿಯ ಮದುವೆಯ ಬಗ್ಗೆ ಮನೆಯ ಹಿರಿಯನಂತೆ ಚಿಂತೆ ಮಾಡುತ್ತಾನೆ. ಪ್ರೇಕ್ಷಕರಿಗೆ ಎಲ್ಲ ಗೊತ್ತು, ಮನೆಯವರಿಗೆ ಏನೂ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಇಂಥ ಅಳಿಯ ಸಿಕ್ಕರೆ ಬಹಳಷ್ಟು ಮಾವಂದಿರು ಸಂತೋಷವನ್ನೇ ಪಡುತ್ತಾರೆ. ಕೊನೆಯ ಹೊಡೆದಾಟದಲ್ಲಿ ಅವನು ಮಾಮೂಲಿ ವಿಲನ್ ಆಗಿಬಿಡುತ್ತಾನೆ ಎಂಬುದು ನನ್ನ ತಕರಾರು. ಅಲ್ಲಿಯವರೆಗಿನ ಎರಡು ಗಂಟೆ ತಮಿಳು ಸಿನಿಮಾದಲ್ಲಿ ಖಳಪಾತ್ರದ ಒಂದು ಪಾಠ.

1996ರ ‘ಕಲ್ಕಿ’ಯಲ್ಲಿ ಗುರುವೇ ಮತ್ತೆ ಹಿಂಸಕ ಗಂಡನ ಪಾತ್ರ ಕೊಟ್ಟರು. ‘ಅವರ್ಗಳ್’ ರಜನಿಯ ವಂಶದವನೇ ಇವನು, ಇನ್ನಷ್ಟು ನಯವಾಗಿ, ಇನ್ನಷ್ಟು ಕ್ರೂರವಾಗಿ. ಅವನ ಕಾಟ ತಾಳಲಾರದೆ ಮನೆ ಬಿಟ್ಟ ಹಾಡುಗಾರ್ತಿ ಹೆಂಡತಿಯಾಗಿ ಗೀತಾ. ಅವನಿಗೆ ಪಾಠ ಕಲಿಸಲು ಬರುವ ಕಲ್ಕಿಯಾಗಿ ನಮ್ಮ ಶ್ರುತಿ. ಚೆನ್ನೈಗೆ ದಾರಿ ತೋರಿಸಿದ ನಟಿಯನ್ನೇ ತೆರೆಯ ಮೇಲೆ ಗೋಳು ಹೊಯ್ದುಕೊಳ್ಳುವ ಪಾತ್ರ ಅವರ ಪಾಲಿಗೆ ಬಂದದ್ದು ಸಿನಿಮಾದವರ ವಿಧಿ.

1997 ಅವರ ವರ್ಷ. ಚೆನ್ನೈನಲ್ಲಿ ‘ಇರುವರ್’, ಬೆಂಗಳೂರಿನಲ್ಲಿ ‘ನಾಗಮಂಡಲ’.

ಗಿರೀಶ ಕಾರ್ನಾಡರ ನಾಟಕವನ್ನು ಟಿ.ಎಸ್. ನಾಗಾಭರಣ ತೆರೆಗೆ ತಂದಾಗ ಅಪ್ಪಣ್ಣನ ಪಾತ್ರ ಪ್ರಕಾಶ್ ರಾಜ್ ಅವರಿಗೆ ಬಂತು. ಹಗಲು ಹೊತ್ತು ಹೆಂಡತಿಯನ್ನು ಮನೆಯೊಳಗೆ ಕೂಡಿಹಾಕಿ ಬೀಗ ಜಡಿದು ಸೂಳೆಯ ಮನೆಗೆ ಹೋಗುವ ಗಂಡ. ರಾತ್ರಿ ಅದೇ ರೂಪ ಧರಿಸಿ ಬಂದು ಅವಳನ್ನು ಮುದ್ದಿಸುವ ನಾಗ. ಎರಡೂ ಒಬ್ಬ ನಟನೇ. ಕಣ್ಣು ಅದೇ, ಮೀಸೆ ಅದೇ, ಹೆಗಲು ಅದೇ. ವಿಜಯಲಕ್ಷ್ಮಿ ಆಡಿದ ರಾಣಿಗೆ ತನ್ನ ಗಂಡ ಹಗಲಿಗೊಂದು ಇರುಳಿಗೊಂದು ಯಾಕಾಗುತ್ತಾನೆ ಎಂದು ತಿಳಿಯದು. ಪ್ರಕಾಶ್ ರಾಜ್ ತಮಿಳಿನಲ್ಲಿ ಮೂರು ವರ್ಷದಿಂದ ಬಿಡಿಬಿಡಿಯಾಗಿ ಆಡುತ್ತಿದ್ದುದನ್ನು ಕಾರ್ನಾಡರ ಕಥೆ ಒಂದೇ ಹೊಸಿಲಿನ ಒಳಗೆ ತಂದು ನಿಲ್ಲಿಸಿತು. ಮುದ್ದು ಮಾಡುವವನಿಗೂ ಬೀಗ ಹಾಕುವವನಿಗೂ ಮೈ ಒಂದೇ. ಅವರ ಇಡೀ ವೃತ್ತಿಯ ಕೀಲಿಕೈ ಈ ಪಾತ್ರದಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

‘ಇರುವರ್’ ಬೇರೆಯದೇ ಪರೀಕ್ಷೆ. ತಮಿಳ್‌ಸೆಲ್ವನ್ ಪಾತ್ರದ ಹಿಂದೆ ಕರುಣಾನಿಧಿಯವರ ನೆರಳಿದೆ ಎಂಬುದು ಎಲ್ಲರಿಗೂ ಗೊತ್ತು. ಚಳವಳಿಯ ಕವಿ, ಸಂಭಾಷಣೆಕಾರ, ಮುಖ್ಯಮಂತ್ರಿ. ಮಾತೇ ಆಯುಧವಾದವನು. ಅಂಥವನ ಬಾಯಲ್ಲಿ ಅಚ್ಚ ತಮಿಳು ಹೊರಡಬೇಕು, ಅದೂ ತಮಿಳುನಾಡಿನ ಜನರ ಎದುರಿಗೆ. ಚೆನ್ನೈನಲ್ಲಿ ಪರಭಾಷೆಯ ನಟರಿಗೆ ಇದಕ್ಕೊಂದು ಸುಲಭದ ದಾರಿಯಿದೆ: ಸೆಟ್ಟಿನಲ್ಲಿ ಸಹಾಯಕ ನಿರ್ದೇಶಕ ಸಾಲು ಹೇಳಿಕೊಡುತ್ತಾನೆ, ನಟ ತುಟಿ ಆಡಿಸುತ್ತಾನೆ, ಡಬ್ಬಿಂಗ್ ಥಿಯೇಟರಿನಲ್ಲಿ ಇನ್ಯಾರೋ ದನಿ ಕೊಡುತ್ತಾರೆ. ಉತ್ತರದಿಂದ ಬಂದ ಎಷ್ಟೋ ಖಳರು ಹತ್ತಾರು ಸಿನಿಮಾ ಮಾಡಿಯೂ ತಮ್ಮ ಸ್ವಂತ ಗಂಟಲನ್ನು ತಮಿಳರಿಗೆ ಕೇಳಿಸಿಲ್ಲ. ಪ್ರಕಾಶ್ ರಾಜ್ ತಮ್ಮ ದನಿಯಲ್ಲೇ ಆಡಿದರು. ಮೋಹನ್‌ಲಾಲ್ ಎದುರಿಗೆ ನಿಂತು, ಗೆಳೆಯ ತನಗಿಂತ ಎತ್ತರಕ್ಕೆ ಹೋಗುವುದನ್ನು ನೋಡುತ್ತಿರುವವನ ಸಂಕಟವನ್ನು ಆ ಮಾತುಗಳ ಅಡಿಯಲ್ಲಿ ಇಟ್ಟರು. ಪೋಷಕ ನಟನ ರಾಷ್ಟ್ರಪ್ರಶಸ್ತಿ ಬಂತು. ಮಣಿರತ್ನಂ ಸಿನಿಮಾ ಆಗ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಇಂದು ಅವರ ಉತ್ತಮ ಚಿತ್ರಗಳ ಪಟ್ಟಿಯಲ್ಲಿ ಅದನ್ನು ಮೊದಲಿಗೆ ಹೇಳುವವರೇ ಹೆಚ್ಚು.

ಖಳನನ್ನು ಹೊರಗಿನಿಂದ ಕರೆಸುವುದು ಚೆನ್ನೈನ ಚಾಳಿ ಮಾತ್ರವಲ್ಲ. ಹಾಲಿವುಡ್ ಲಂಡನ್ನಿನ ರಂಗಭೂಮಿಯನ್ನು ಖಳರ ತವರು ಎಂದೇ ತಿಳಿದಿದೆ. ಅಲನ್ ರಿಕ್‌ಮನ್ ರಾಯಲ್ ಷೇಕ್ಸ್‌ಪಿಯರ್ ಕಂಪನಿಯ ನಟ. ಅವರ ಮೊದಲ ಸಿನಿಮಾ ‘ಡೈ ಹಾರ್ಡ್’ 1988ರಲ್ಲಿ ಬಂದಾಗ ಅವರಿಗೆ ನಲವತ್ತೆರಡು ವರ್ಷ. ಸೂಟು ಹಾಕಿಕೊಂಡು, ದನಿ ಏರಿಸದೆ ಕೊಲ್ಲುವ ಹ್ಯಾನ್ಸ್ ಗ್ರೂಬರ್ ಒಂದು ಮಾದರಿಯೇ ಆದ. ರಂಗಭೂಮಿಯವರಿಗೆ ಖಳಪಾತ್ರ ಒಲಿಯುವುದಕ್ಕೆ ಸರಳ ಕಾರಣವಿದೆ: ನಾಯಕನಿಗೆ ಸಿನಿಮಾದಲ್ಲಿ ಹಾಡಿದೆ, ಫೈಟ್ ಇದೆ, ಕ್ಯಾಮೆರಾದ ಪಕ್ಷಪಾತವಿದೆ, ಖಳನಿಗೆ ಇರುವುದು ಮಾತು ಮತ್ತು ಮೌನ. ರಿಕ್‌ಮನ್ ಮುಂದೆ ಹ್ಯಾರಿ ಪಾಟರ್ ಸರಣಿಯ ಎಂಟು ಚಿತ್ರಗಳಲ್ಲಿ ಸ್ನೇಪ್ ಆಗಿ ಮಕ್ಕಳನ್ನು ಹೆದರಿಸಿದರು. ಕೊನೆಗೆ ಬಯಲಾದದ್ದು ಒಂದು ಹಳೆಯ ಪ್ರೀತಿ. ಪ್ರಕಾಶ್ ರಾಜ್ ಅವರ ದಾರಿ ಇದರ ತಿರುಗುಮುರುಗು. ಪ್ರೀತಿಯನ್ನು ಅವರು ಮೊದಲೇ ತೋರಿಸಿಬಿಡುತ್ತಾರೆ.

ತೆಲುಗಿನಲ್ಲಿ ಕೃಷ್ಣವಂಶಿ 1998ರ ‘ಅಂತಃಪುರಂ’ನಲ್ಲಿ ಅವರನ್ನು ರಾಯಲಸೀಮೆಯ ಫ್ಯಾಕ್ಷನ್ ಮುಖಂಡ ನರಸಿಂಹನಾಗಿಸಿದರು. ಆಗ ಅವರಿಗೆ ಮೂವತ್ತಮೂರು, ಪಾತ್ರ ತಾತನದು. ಮಗ ಸತ್ತಿದ್ದಾನೆ, ಸೊಸೆ ತನ್ನ ಕೂಸನ್ನು ಎತ್ತಿಕೊಂಡು ಈ ಕೊಲೆಗಡುಕರ ಮನೆಯಿಂದ ಹೊರಟುಹೋಗಬೇಕು ಎನ್ನುತ್ತಾಳೆ. ಮೊಮ್ಮಗ ತನ್ನ ವಂಶದ ಕುಡಿ, ಬಿಡುವುದಿಲ್ಲ ಎನ್ನುವುದು ಮಾವನ ಹಟ. ಸೊಸೆ ನಮ್ಮ ಸೌಂದರ್ಯ. ಇಬ್ಬರು ಕನ್ನಡಿಗರು ಎದುರುಬದುರು ನಿಂತು ತೆಲುಗಿನಲ್ಲಿ ಒಂದು ಮಗುವಿಗಾಗಿ ಕಾದಾಡುವ ಆ ದೃಶ್ಯಗಳನ್ನು ನೋಡಿದವರು ಮರೆಯಲಾರರು. ರಾಷ್ಟ್ರಪ್ರಶಸ್ತಿ ಸಮಿತಿ ಇದಕ್ಕೂ ವಿಶೇಷ ಮನ್ನಣೆ ಕೊಟ್ಟಿತು.

ಇದಾದಮೇಲಿನ ಹತ್ತು ವರ್ಷ ಚೆನ್ನೈ–ಹೈದರಾಬಾದ್ ವಿಮಾನಗಳ ಕಾಲ. ಕಾಲ್‌ಶೀಟ್ ಸಿಕ್ಕರೆ ಸಾಕೆಂದು ನಿರ್ಮಾಪಕರು ಕಾಯುತ್ತಿದ್ದ ಹೊತ್ತು. ‘ಪೋಕಿರಿ’ಯ ಅಲಿ ಭಾಯ್ ತಮಿಳಿಗೆ ಹೋದ, ‘ವಾಂಟೆಡ್’ ಆಗಿ ಹಿಂದಿಗೂ ಹೋದ. ‘ಸಿಂಗಂ’ನ ಮಯಿಲ್‌ವಾಹನಂ ಹಿಂದಿಯಲ್ಲಿ ಜೈಕಾಂತ್ ಶಿಕ್ರೆಯಾದ. ಬಾಲಿವುಡ್ಡಿಗೆ ಅವರು ಪರಿಚಯವಾದದ್ದು ಈ ಅವತಾರದಲ್ಲಿ, ಅರ್ಧ ಕೊಲೆಗಾರ ಅರ್ಧ ಕೋಡಂಗಿ. ನೋಡಿ ನಗಬಹುದು, ಅವರ ಪ್ರತಿಭೆಯ ಸೋರಿಕೆ ಎಂದೂ ಅನ್ನಬಹುದು. 2000ದ ತಮಿಳು ‘ಅಪ್ಪು’ವಿನಲ್ಲಿ ಮಹಾರಾಣಿ ಎಂಬ ಮಂಗಳಮುಖಿ ಖಳಪಾತ್ರವನ್ನು ಆಗ ಎಲ್ಲರೂ ಹೊಗಳಿದ್ದರು. ಈಗ ನೋಡಿದರೆ ಇರಿಸುಮುರಿಸಾಗುತ್ತದೆ. ಒಂದು ಸಮುದಾಯವನ್ನೇ ಹೆದರಿಕೆಯ ವಸ್ತುವಾಗಿಸುವ ಸಿನಿಮಾದಲ್ಲಿ ನಟನೆ ಎಷ್ಟು ಚೆನ್ನಾಗಿದ್ದರೇನು?

ದುಡಿದ ದುಡ್ಡು ಹೋದದ್ದು ಎಲ್ಲಿಗೆ ಎಂದು ನೋಡಿದರೆ ಮತ್ತೆ ಗುರುವಿನ ನೆನಪೇ ಬರುತ್ತದೆ. ಚೆನ್ನೈನಲ್ಲಿ ಕಟ್ಟಿದ ನಿರ್ಮಾಣ ಸಂಸ್ಥೆಗೆ ‘ಡ್ಯುಯೆಟ್ ಮೂವೀಸ್’ ಎಂದೇ ಹೆಸರಿಟ್ಟರು. ‘ಅಳಗಿಯ ತೀಯೆ’, ‘ಮೊಳಿ’, ‘ಪಯಣಂ’ ಅದರಿಂದ ಬಂದವು. ಹೆಚ್ಚಿನವು ಖಳನೇ ಇಲ್ಲದ ಮೆಲುದನಿಯ ಸಿನಿಮಾಗಳು. ಬಾಲಚಂದರ್ ನಿರ್ದೇಶಿಸಿದ ಕೊನೆಯ ಚಿತ್ರ ‘ಪೊಯ್’ (2006) ಕೂಡ ಈ ಶಿಷ್ಯನ ನಿರ್ಮಾಣವೇ.

ಅಪ್ಪನ ಪಾತ್ರಗಳು ಶುರುವಾದದ್ದೂ ಆ ಹೊತ್ತಿಗೇ. ‘ಬೊಮ್ಮರಿಲ್ಲು’ವಿನ (2006) ತಂದೆ ಮಗನಿಗೆ ಒಮ್ಮೆಯೂ ಹೊಡೆಯುವುದಿಲ್ಲ, ಗದರುವುದೂ ಅಪರೂಪ. ಅಂಗಿಯ ಬಣ್ಣದಿಂದ ಹಿಡಿದು ಮದುವೆಯ ಹೆಣ್ಣಿನವರೆಗೆ ಎಲ್ಲವನ್ನೂ ಆರಿಸುತ್ತಾನೆ, ಅಷ್ಟೇ. ತಮಿಳಿನ ‘ಸಂತೋಷ್ ಸುಬ್ರಮಣಿಯಂ’ನಲ್ಲೂ ಆ ತಂದೆ ಅವರೇ. ಸಿನಿಮಾ ಅವನನ್ನು ಒಳ್ಳೆಯ ಅಪ್ಪ ಎಂದೇ ಕರೆಯುತ್ತದೆ. ‘ಆಸೈ’ನ ಮಾಧವನ್ ಮತ್ತು ಈ ಅಪ್ಪ ಒಂದೇ ಬಗೆಯಲ್ಲಿ ನಗುತ್ತಾರೆ, ಒಂದೇ ಬಗೆಯಲ್ಲಿ ಇನ್ನೊಬ್ಬರ ಪರವಾಗಿ ತೀರ್ಮಾನ ತೆಗೆದುಕೊಳ್ಳುತ್ತಾರೆ. ಒಬ್ಬನ ಕೈಯಲ್ಲಿ ಪಾಲಿಥೀನ್ ಚೀಲವಿತ್ತು, ಇನ್ನೊಬ್ಬನ ಕೈಯಲ್ಲಿ ಇಲ್ಲ. ‘ಅಭಿಯುಂ ನಾನುಂ’ನಲ್ಲಿ ಮಗಳು ದೊಡ್ಡವಳಾದದ್ದನ್ನು ಒಪ್ಪಲಾರದ ಅಪ್ಪನನ್ನು ಅವರು ನಗೆಗೀಡು ಮಾಡಿದರು, ಅದನ್ನೇ 2010ರಲ್ಲಿ ‘ನಾನು ನನ್ನ ಕನಸು’ ಎಂದು ಕನ್ನಡದಲ್ಲಿ ತಾವೇ ನಿರ್ದೇಶಿಸಿದರು.

ಈ ಎಳೆ ಕೊನೆಗೆ ಮುಟ್ಟುವುದು ಚೆನ್ನೈನಿಂದ ಎರಡು ಗಂಟೆ ದೂರದ ಊರಿಗೆ. ಪ್ರಿಯದರ್ಶನ್ ನಿರ್ದೇಶನದ ‘ಕಾಂಚೀವರಂ’ನ ವೆಂಗಡಂ ರೇಷ್ಮೆ ನೇಕಾರ. ಜೀವಮಾನವಿಡೀ ರೇಷ್ಮೆ ನೇಯ್ದರೂ ಒಂದು ರೇಷ್ಮೆ ಸೀರೆ ಕೊಳ್ಳುವ ಕೂಲಿ ಅವನಿಗಿಲ್ಲ. ಮಗಳ ಮದುವೆಗೆ ರೇಷ್ಮೆ ಉಡಿಸುತ್ತೇನೆಂದು ಮಾತು ಕೊಟ್ಟಿದ್ದಾನೆ. ದಿನಕ್ಕಿಷ್ಟು ಎಳೆಯನ್ನು ಬಾಯಲ್ಲಿ ಬಚ್ಚಿಟ್ಟುಕೊಂಡು ಕಳ್ಳತನದಿಂದ ಮನೆಗೆ ತಂದು, ಕತ್ತಲಲ್ಲಿ ನೇಯುತ್ತಾನೆ. ಸೀರೆಗಾಗಿ ಜೊತೆಗಾರರ ಮುಷ್ಕರವನ್ನೂ ಬಿಟ್ಟುಕೊಡುತ್ತಾನೆ. ಕೊನೆಗೆ ತನ್ನ ಕೈಯಾರೆ ಮಗಳಿಗೆ ವಿಷ ಉಣಿಸುತ್ತಾನೆ. ಕಳ್ಳತನ, ದ್ರೋಹ, ಕೊಲೆ: ಪಟ್ಟಿ ನೋಡಿದರೆ ಖಳನದೇ. ನೋಡುವವರ ಗಂಟಲು ಮಾತ್ರ ಕಟ್ಟಿಕೊಂಡಿರುತ್ತದೆ. ಈ ಪಾತ್ರಕ್ಕೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯ. ಖಳನನ್ನು ಹತ್ತು ವರ್ಷ ಒಳಗಿನಿಂದ ಅರಿಯದ ನಟನಿಗೆ ವೆಂಗಡಂ ಸಿಗುತ್ತಿರಲಿಲ್ಲ.

ಎರಡು ಊರಿನ ನಟನಾಗಿರುವುದಕ್ಕೆ ತೆರಬೇಕಾದ ಸುಂಕವೂ ಉಂಟು. ಕಾವೇರಿ ಗಲಾಟೆ ಎದ್ದಾಗಲೆಲ್ಲ ಎರಡೂ ಕಡೆಯವರು ಇವರ ಬಾಯಿ ನೋಡುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳು ನಟ ಸಿದ್ಧಾರ್ಥ್ ಅವರ ಪತ್ರಿಕಾಗೋಷ್ಠಿಯನ್ನು ಹೋರಾಟಗಾರರು ತಡೆದಾಗ ಪ್ರಕಾಶ್ ರಾಜ್ ಕನ್ನಡಿಗರ ಪರವಾಗಿ ಕ್ಷಮೆ ಕೇಳಿದರು. ಇಲ್ಲಿ ಬೈಸಿಕೊಂಡರು, ಅಲ್ಲಿ ಹೊಗಳಿಸಿಕೊಂಡರು. ಅವರ ರಾಜಕೀಯ ನಿಲುವುಗಳ ಬಗ್ಗೆ ಬರೆಯಲು ಬೇರೆಯವರಿದ್ದಾರೆ. ನನ್ನ ದೂರು ಗಾಂಧಿನಗರದ ಮೇಲೆ.

‘ನಾಗಮಂಡಲ’ ಬಂದು ಕಾಲು ಶತಮಾನ ಕಳೆದಿದೆ. ಅದರ ನಂತರ ಕನ್ನಡ ಅವರನ್ನು ಹೆಚ್ಚಾಗಿ ಬಳಸಿಕೊಂಡದ್ದು ದೊಡ್ಡ ಬಜೆಟ್ಟಿನ ಅತಿಥಿಯಾಗಿ. ‘ರಾಜಕುಮಾರ’ದ ಖಳನಾಗಿ ಬಂದರು, ‘ಕೆಜಿಎಫ್’ ಎರಡನೇ ಭಾಗದಲ್ಲಿ ಕಥೆ ಹೇಳುವವರಾಗಿ ಬಂದರು. ಬಿ. ಸುರೇಶ ಅವರ ‘ಪುಟ್ಟಕ್ಕನ ಹೈವೇ’ಯಂಥ ಸಿನಿಮಾಗೆ ಕೈಜೋಡಿಸಿದರೂ ಅಪ್ಪಣ್ಣನ ಪಕ್ಕಕ್ಕೆ ಇಡುವಂಥ ಪಾತ್ರವನ್ನು ಇಲ್ಲಿ ಯಾರೂ ಬರೆಯಲಿಲ್ಲ. ಮೊಳಕಾಲ್ಮೂರಿನಲ್ಲೂ ರೇಷ್ಮೆ ಮಗ್ಗಗಳಿವೆ, ಇಳಕಲ್ಲಿನಲ್ಲೂ ಸೀರೆ ನೇಯುವವರಿದ್ದಾರೆ. ಮಗಳಿಗೆ ಬೀಗ ಹಾಕುವ ಅಪ್ಪಂದಿರಂತೂ ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ಶ್ರೀರಂಗಪಟ್ಟಣದ ಬಳಿ ‘ನಿರ್ದಿಗಂತ’ ಎಂಬ ರ‍ಂಗಪ್ರಯೋಗದ ತಾಣ ಕಟ್ಟಿಕೊಂಡು ಹುಡುಗರಿಂದ ನಾಟಕ ಮಾಡಿಸುತ್ತ ಅವರು ಈಗ ನಮ್ಮ ಹತ್ತಿರಕ್ಕೇ ಬಂದಿದ್ದಾರೆ. ವಯಸ್ಸು ಅರವತ್ತು ದಾಟಿದೆ. ಬೆಂಗಳೂರಿನಲ್ಲಿ ಕೂತು ಚಿತ್ರಕಥೆ ಬರೆಯುವವರು ತಡಮಾಡಬಾರದು.